ಮೊಬೈಲ್ ಸಿಕ್ಕೀತು, ಫೋಟೋ ಸಿಕ್ಕೀತೇ?

ಒಂದೇ ಕಡೆ ಇಟ್ಟದ್ದು ಇಟ್ಟ ಲೆಕ್ಕಕ್ಕಿಲ್ಲ! ಅಂಗಡಿಯವರಿಗೂ ಬಸ್ಸಿನವರಿಗೂ ನಾಲ್ಕು ಮಾತು

ದಾವಣಗೆರೆ: ಮೊಬೈಲ್ ಕಳಕೊಂಡವರು ಮೊಬೈಲಿಗಾಗಿ ಅಳುವುದಿಲ್ಲ ಸ್ವಾಮಿ. ಹದಿನೈದು ಸಾವಿರದ್ದು ಹೋದರೆ ಕಂತಿನಲ್ಲಿ ಇನ್ನೊಂದು ಬರುತ್ತೆ. ಹಳೇ ನಂಬರು ಹೊಸ ಸಿಮ್ಮಿಗೆ ಬಂದು ಕೂರುತ್ತೆ. ಜನ ಅಳುವುದು ಅದರೊಳಗೆ ಇದ್ದದ್ದಕ್ಕೆ. ಮಗಳು ಮೊದಲ ಸಲ ಎದ್ದು ನಿಂತದ್ದು, ತೀರಿಹೋದ ಅಪ್ಪ ಕಟ್ಟೆ ಮೇಲೆ ಕೂತು ನಕ್ಕದ್ದು, ದುಗ್ಗಮ್ಮನ ಜಾತ್ರೆಗೆ ಮನೆ ಮಂದಿಯೆಲ್ಲ ಸೇರಿದ್ದು, ಉದ್ರಿ ಪುಸ್ತಕದ ಪುಟಗಳು, ಹೊಲದ ಪಹಣಿಯ ಚಿತ್ರ... ಎಲ್ಲಾ ಅದರೊಳಗೇ. ಅದು ಮಾತ್ರ ಕಂತಿನಲ್ಲಿ ಬರುವುದಿಲ್ಲ.

ಸಂಜೆ ಹೊತ್ತು ಹರಿಹರದ ಬಸ್ಸು ನಿಲ್ದಾಣಕ್ಕೆ ಬಂದಾಗ ಬಾಗಿಲ ಹತ್ತಿರ ನಡೆಯುವ ಕುಸ್ತಿ ನೋಡದವರು ಯಾರು? ಮೇಲಿನ ಜೇಬಿನಲ್ಲಿ ಮೊಬೈಲು, ಎರಡೂ ಕೈಯಲ್ಲಿ ಚೀಲ, ಹಿಂದಿನಿಂದ ನೂಕು. ಸೀಟು ಸಿಕ್ಕಿತು ಅಂತ ಉಸಿರು ಬಿಟ್ಟು ಜೇಬು ಮುಟ್ಟಿ ನೋಡಿಕೊಂಡರೆ ಖಾಲಿ! ಹಿಂದೆ ಜೇಬುಗಳ್ಳ ಒಂದು ದಿನದ ವ್ಯಾಪಾರದ ದುಡ್ಡು ಹೊಡೆಯುತ್ತಿದ್ದ. ಈಗ ಹತ್ತು ವರ್ಷದ ಸಂಸಾರವನ್ನೇ ಎತ್ತಿಕೊಂಡು ಹೋಗುತ್ತಾನೆ. ಅವನಿಗೆ ಅದರ ಬೆಲೆಯೂ ಗೊತ್ತಿಲ್ಲ. ಮೊದಲ ಕೆಲಸವೇ ಎಲ್ಲಾ ಅಳಿಸಿ ಮಾರುವುದು.

ಶ್ರದ್ಧಾಂಜಲಿ ಮೇಜಿನ ಸಾಕ್ಷಿ

ಇದು ಅತಿಯಾಯ್ತು ಅನ್ನುವವರು ಯಾವುದಾದರೂ ಸಂಜೆ ಪತ್ರಿಕೆಯ ಜಾಹೀರಾತು ಮೇಜಿನ ಪಕ್ಕ ಅರ್ಧ ದಿನ ಕೂತು ನೋಡಲಿ. ಶ್ರದ್ಧಾಂಜಲಿ ಹಾಕಿಸಲು ಬರುವವರ ಕೈಯಲ್ಲಿ ಮೊದಲೆಲ್ಲ ಒಂದು ಪ್ರಿಂಟು ಇರುತ್ತಿತ್ತು. ಸ್ಟುಡಿಯೋದ ಪರದೆಯ ಮುಂದೆ ಕುರ್ಚಿ ಹಾಕಿ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂಕುಂಡ ಇಟ್ಟು ತೆಗೆದದ್ದು. ಈಗ ಬಂದವರು ಮೊಬೈಲ್ ಚಾಚುತ್ತಾರೆ. ಯಾರದೋ ಗೃಹಪ್ರವೇಶದ ಗುಂಪು ಫೋಟೋ, ಮೂರನೇ ಸಾಲಿನಲ್ಲಿ ಮಂಡಕ್ಕಿ ಕಾಳಿನಷ್ಟು ಮುಖ. 'ಇದೇ ಸಾರ್ ನಮ್ಮಪ್ಪ, ಸ್ವಲ್ಪ ದೊಡ್ಡದು ಮಾಡಿ ಹಾಕ್ರಿ' ಅನ್ನುತ್ತಾರೆ. ದೊಡ್ಡದು ಮಾಡಿದರೆ ಮುಖ ಹೋಗಿ ಬರೀ ಚೌಕಳಿ ಉಳಿಯುತ್ತೆ.

ಮಂಡಿಪೇಟೆಯ ಒಬ್ಬ ದಿನಸಿ ವ್ಯಾಪಾರಿ. ಹೆಸರು ಬೇಡ ಅಂದಿದ್ದಾರೆ, ಬೇಡ. ತಾಯಿ ತೀರಿಕೊಂಡ ಒಂಬತ್ತನೇ ದಿನ ಬಂದಿದ್ದರು. ಅವರು ಫೋಟೋ ತೆಗೆಯದ ಮನುಷ್ಯ ಅಲ್ಲ. ತಾಯಿ ರೊಟ್ಟಿ ಬಡಿಯುವುದು, ಮೊಮ್ಮಗನಿಗೆ ತಲೆ ಬಾಚುವುದು, ಅಂಗಡಿ ಗಲ್ಲಾದ ಮೇಲೆ ಕೂತು ಚಿಲ್ಲರೆ ಎಣಿಸುವುದು, ಹೀಗೆ ನಾಲ್ಕು ವರ್ಷದಲ್ಲಿ ನೂರಾರು ತೆಗೆದಿದ್ದರು. ಹೋದ ವರ್ಷ ಮೊಬೈಲ್ ನಿಂತು ನಿಂತು ಓಡತೊಡಗಿತು. ರಿಪೇರಿಗೆ ಒಯ್ದರು. ಅಂಗಡಿ ಹುಡುಗ ನೋಡಿ, 'ರೀಸೆಟ್ ಮಾಡ್ಬೇಕಣ್ಣಾ, ಮಾಡ್ಲಾ?' ಅಂದ. ಇವರು 'ಮಾಡಪ್ಪಾ' ಅಂದರು. ಹುಡುಗನ ಕಡೆಯಿಂದ ನೋಡಿದರೆ ಕೇಳಿಯೇ ಮಾಡಿದ್ದಾನೆ. ಇವರಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ. ಮೂರು ನಿಮಿಷದ ಕೆಲಸ, ನೂರೈವತ್ತು ರೂಪಾಯಿ. ಮೊಬೈಲು ಕುದುರೆ ಹಾಗೆ ಓಡಿತು. ಒಳಗೆ ಒಂದು ಫೋಟೋ ಇರಲಿಲ್ಲ.

'ಆಗ ಅಷ್ಟೇನೂ ಅನ್ನಿಸಲಿಲ್ಲ ಸಾರ್' ಅಂದರು ಅವರು. 'ಅವ್ವ ಮನಿಯಾಗೇ ಇದ್ದಾಳಲ್ಲ, ಮತ್ತೆ ತೆಗೆದರಾಯ್ತು ಅಂದ್ಕೊಂಡೆ. ಇವತ್ತು ನಾಳೆ ಅಂತ ಎಂಟು ತಿಂಗಳು ಹೋಯ್ತು.'

ಎಂಟು ತಿಂಗಳಿಗೆ ಅವ್ವ ಇರಲಿಲ್ಲ. ಕೊನೆಗೆ ಪತ್ರಿಕೆಯಲ್ಲಿ ಬಂದದ್ದು ಆಧಾರ್ ಕಾರ್ಡಿನ ಫೋಟೋ. ಗೋಡೆಗೆ ಹಾರ ಹಾಕಿ ತೂಗಿದ್ದೂ ಅದೇ. ಆಧಾರ್ ಫೋಟೋದಲ್ಲಿ ನಮ್ಮ ನಿಮ್ಮ ಮುಖ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ನಗುನಗುತ್ತ ಗಲ್ಲಾದ ಮೇಲೆ ಕೂರುತ್ತಿದ್ದ ಆ ತಾಯಿ ಇನ್ನು ಮುಂದೆ ಮೊಮ್ಮಕ್ಕಳಿಗೆ ಸರ್ಕಾರಿ ಕ್ಯಾಮೆರಾ ಕಂಡ ಹಾಗೆ ಮಾತ್ರ ಕಾಣುತ್ತಾರೆ.

ಅಂದಿನ ಸ್ಟುಡಿಯೋ, ಅಂದಿನ ಜಾಣತನ

ಹಿಂದಿನವರು ಜಾಣರಿದ್ದರು ಅಂತಲ್ಲ, ಅಂದಿನ ಪದ್ಧತಿ ಜಾಣ ಇತ್ತು. ಮದುವೆ ಫೋಟೋ ತೆಗೆಸಿದರೆ ಪ್ರಿಂಟು ಮನೆಯ ಆಲ್ಬಮಿಗೆ ಬರುತ್ತಿತ್ತು. ನೆಗೆಟಿವ್ ಎಷ್ಟೋ ಸಲ ಸ್ಟುಡಿಯೋದ ಡಬ್ಬಿಯಲ್ಲೇ ನಂಬರು ಹಾಕಿ ಇರುತ್ತಿತ್ತು. ಇನ್ನೆರಡು ಪ್ರಿಂಟು ಜಗಳೂರಿನ ಸೋದರಮಾವನ ಮನೆಗೋ, ಚನ್ನಗಿರಿಯ ಬೀಗರ ಮನೆಗೋ ಹೋಗುತ್ತಿದ್ದವು. ಒಂದು ಮನೆಗೆ ನೀರು ನುಗ್ಗಲಿ, ಇನ್ನೊಂದು ಮನೆಗೆ ಗೆದ್ದಲು ಹತ್ತಲಿ, ಎಲ್ಲೋ ಒಂದು ಕಡೆ ಉಳಿಯುತ್ತಿತ್ತು. ಕಾಟನ್ ಮಿಲ್ಲುಗಳು ಮುಚ್ಚಿ ಎಷ್ಟೋ ಕಾಲವಾದರೂ, ಮಿಲ್ಲಿನ ಗೇಟಿನ ಮುಂದೆ ನಿಂತ ಅಜ್ಜನ ಫೋಟೋ ಈ ಊರಿನ ಎಷ್ಟೋ ಮನೆಗಳಲ್ಲಿ ಇನ್ನೂ ಗೋಡೆಯ ಮೇಲಿದೆ. ಅದನ್ನು ಉಳಿಸಿದ್ದು ಈ ಹಂಚಿಕೆಯೇ.

ಈಗ ಏನಾಗಿದೆ? ಅಜ್ಜನಿಗೆ ಜೀವಮಾನದಲ್ಲಿ ಮೂರು ಫೋಟೋ ಇದ್ದರೆ ಮೊಮ್ಮಗನಿಗೆ ಮೂರು ತಿಂಗಳಿಗೇ ಮೂರು ಸಾವಿರ. ಆದರೆ ಅಜ್ಜನ ಮೂರು ಫೋಟೋ ಮೂರು ಮನೆಯಲ್ಲಿದ್ದವು, ಮೊಮ್ಮಗನ ಮೂರು ಸಾವಿರವೂ ಒಂದೇ ಜೇಬಿನಲ್ಲಿವೆ. ಸಂಖ್ಯೆ ಹೆಚ್ಚಾಯ್ತು, ಜಾಗ ಒಂದೇ ಆಯ್ತು. ಇಡೀ ವರ್ಷದ ಫಸಲನ್ನು ಒಂದೇ ಬಣವೆ ಒಟ್ಟಿ ಪಕ್ಕದಲ್ಲಿ ಬೀಡಿ ಹಚ್ಚಿ ಕೂತ ಹಾಗೆ.

ಅಳಿಸಿದಾಗ ಒಳಗೆ ಏನಾಗುತ್ತೆ?

'ಹೋದದ್ದನ್ನ ವಾಪಸ್ ತರಬಹುದಂತೆ ಹೌದಾ?' ಇದು ಎಲ್ಲರ ಪ್ರಶ್ನೆ. ಉತ್ತರ: ಕೆಲವು ಸಲ ಹೌದು, ಬಹಳ ಸಲ ಇಲ್ಲ. ಯಾಕೆ ಅಂತ ಅಂಗಡಿ ಲೆಕ್ಕದಲ್ಲೇ ಹೇಳಬಹುದು.

ನಿಮ್ಮ ಖಾತೆ ಪುಸ್ತಕದ ಮೊದಲ ಹಾಳೆಯಲ್ಲಿ ಯಾರ ಖಾತೆ ಯಾವ ಪುಟದಲ್ಲಿದೆ ಅನ್ನುವ ಪಟ್ಟಿ ಇರುತ್ತಲ್ಲ? ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲೂ ಹಾಗೇ. ಫೋಟೋ ಅಳಿಸಿದಾಗ ಸಾಮಾನ್ಯವಾಗಿ ಆ ಪಟ್ಟಿಯಲ್ಲಿನ ಹೆಸರಿಗೆ ಮಾತ್ರ ಗೀಟು ಬೀಳುತ್ತೆ, 'ಈ ಜಾಗ ಖಾಲಿ' ಅಂತ ಬರೆದ ಹಾಗೆ. ಒಳಗಿನ ಪುಟ ಇನ್ನೂ ಅಲ್ಲೇ ಇರುತ್ತೆ. ಅದರ ಮೇಲೆ ಹೊಸದು ಬರೆದಾಗ ಮಾತ್ರ ಹಳೆಯದು ಪೂರ್ತಿ ಹೋಗುತ್ತೆ. ಆದ್ದರಿಂದ ಕಾರ್ಡಿನ ಫೋಟೋ ತಪ್ಪಿ ಅಳಿಸಿತು ಅಂದರೆ ಇನ್ನೊಂದು ಫೋಟೋ ತೆಗೆಯಬೇಡಿ. ಕಾರ್ಡು ಹೊರಗೆ ತೆಗೆದು ಬದಿಗಿಡಿ. ಕಂಪ್ಯೂಟರಿಗೆ ಹಾಕಿ 'ಫೋಟೋರೆಕ್'ನಂಥ ಉಚಿತ ತಂತ್ರಾಂಶದಿಂದ ಹುಡುಕಿಸಿದರೆ ಸಿಗುವ ಸಾಧ್ಯತೆ ಇದೆ.

ಮೊಬೈಲಿನ ಒಳಗಿನ ಮೆಮೊರಿಯ ಕಥೆ ಬೇರೆ. ಈಗಿನ ಮೊಬೈಲುಗಳಲ್ಲಿ ಒಳಗಿರುವ ಎಲ್ಲದಕ್ಕೂ ಗುಪ್ತಲಿಪಿಯ ಬೀಗ ಇರುತ್ತೆ. ಕಳ್ಳನಿಗೆ ನಿಮ್ಮ ಮಾಹಿತಿ ಸಿಗದಿರಲಿ ಅಂತ ಮಾಡಿದ ಒಳ್ಳೇ ವ್ಯವಸ್ಥೆ ಅದು. ಆದರೆ ಪೂರ್ತಿ ರೀಸೆಟ್ ಮಾಡಿದಾಗ ಆ ಬೀಗದ ಕೈ ನಾಶವಾಗುತ್ತೆ. ಟ್ರಂಕು ಇದ್ದರೂ ಅಷ್ಟೆ, ಕೀಲಿಯನ್ನೇ ಕರಗಿಸಿಬಿಟ್ಟ ಹಾಗೆ. ಮಂಡಿಪೇಟೆಯ ವ್ಯಾಪಾರಿಗೆ ಆದದ್ದು ಇದೇ. ರೀಸೆಟ್ ಆದ ಮೇಲೂ 'ನೂರಕ್ಕೆ ನೂರು ತೆಗೆದುಕೊಡ್ತೀನಿ, ಮುಂಗಡ ಎರಡು ಸಾವಿರ ಕೊಡಿ' ಅನ್ನುವವರು ಸಿಕ್ಕರೆ ನಮಸ್ಕಾರ ಹೇಳಿ ಮನೆಗೆ ಬನ್ನಿ.

ದುಡ್ಡು ಕೊಡುವ ಮುಂಚೆ ನೋಡಬೇಕಾದ ಜಾಗ ಒಂದಿದೆ, ಅದು ಮೊಬೈಲಿನ ಕಸದ ಬುಟ್ಟಿ. ಗೂಗಲ್ ಫೋಟೋಸ್‌ನಲ್ಲಿ ಪ್ರತಿ ಹೋಗಿದ್ದ ಚಿತ್ರ ಅಳಿಸಿದರೆ 60 ದಿನ ಬುಟ್ಟಿಯಲ್ಲಿರುತ್ತೆ. ಐಫೋನಿನಲ್ಲಿ 30 ದಿನ. ಅಷ್ಟರೊಳಗೆ ಯಾರ ಕೈಕಾಲೂ ಹಿಡಿಯದೆ ನೀವೇ ವಾಪಸ್ ತರಬಹುದು.

ಮೊಬೈಲು ಕಳುವಾದರೆ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ವ್ಯವಸ್ಥೆ 2023ರ ಮೇ ತಿಂಗಳಿನಿಂದ ದೇಶಕ್ಕೆಲ್ಲ ಇದೆ. ಪೊಲೀಸರಿಗೆ ದೂರು ಕೊಟ್ಟು, ಮೊಬೈಲಿನ ಐಎಂಇಐ ಸಂಖ್ಯೆ ಹಾಕಿದರೆ ಆ ಮೊಬೈಲು ಬಂದ್ ಆಗುತ್ತೆ. ಯಾರಾದರೂ ಬೇರೆ ಸಿಮ್ ಹಾಕಿದರೆ ಸುಳಿವೂ ಸಿಗುತ್ತೆ. *#06# ಒತ್ತಿದರೆ ಆ ಸಂಖ್ಯೆ ಬರುತ್ತೆ, ಇವತ್ತೇ ಒಂದು ಚೀಟಿಯಲ್ಲಿ ಬರೆದಿಡಿ. ಹೀಗೆ ಮೊಬೈಲು ಸಿಕ್ಕವರು ಇದ್ದಾರೆ. ಆದರೆ ಅಷ್ಟು ಹೊತ್ತಿಗೆ ಅದು ಎರಡು ಕೈ ದಾಟಿ, ಅಳಿಸಿ ತೊಳೆದು ಬಂದಿರುತ್ತೆ. ಮೊಬೈಲು ಮನೆಗೆ ಬಂದರೂ ಫೋಟೋ ಬರುವುದಿಲ್ಲ.

'ಗೂಗಲ್‌ನಾಗ ಐತಿ ಬಿಡ್ರಿ'

ಬಸ್ಸಿನಲ್ಲಿ ಹತ್ತು ಜನರನ್ನು ಕೇಳಿದರೆ ಆರು ಜನ ಹೇಳುವ ಮಾತು ಇದು. ಇರಬಹುದು. ಇದೆಯೋ ಇಲ್ಲವೋ ನೋಡಿದ್ದೀರಾ? ಅಲ್ಲೇ ಇರುವುದು ಸಮಸ್ಯೆ.

ಗೂಗಲ್ ಫೋಟೋಸ್ ಶುರುವಾದದ್ದು 2015ರಲ್ಲಿ. ಸ್ವಲ್ಪ ಕುಗ್ಗಿಸಿದ ಚಿತ್ರವಾದರೆ ಎಷ್ಟು ಬೇಕಾದರೂ ಪುಕ್ಕಟೆ ಇಡಿ ಅಂದಿದ್ದರು. 2021ರ ಜೂನ್ 1ರಿಂದ ಆ ಪುಕ್ಕಟೆ ನಿಂತಿತು. ಈಗ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್ ಮೊಬೈಲಿನ ವಾಟ್ಸಾಪ್ ಮಾತುಕತೆಯ ಪ್ರತಿಯೂ 2024ರಿಂದ ಆ ಹದಿನೈದರಲ್ಲೇ ಪಾಲು ಕೇಳುತ್ತೆ. ಗೋಡೌನು ತುಂಬಿದ ಮೇಲೆ ಹೊಸ ಮೂಟೆ ಒಳಗೆ ಹೋಗುವುದಿಲ್ಲ. 'ಜಾಗ ತುಂಬಿದೆ' ಅಂತ ಮೊಬೈಲಿನ ಮೇಲೆ ಚೀಟಿ ಬರುತ್ತೆ, ನಾವು ಸಾಲಗಾರನ ಫೋನು ಕಟ್ ಮಾಡಿದ ಹಾಗೆ ಅದನ್ನು ಪಕ್ಕಕ್ಕೆ ತಳ್ಳುತ್ತೇವೆ. ಹಳೆಯವು ಅಲ್ಲಿವೆ, ಹೊಸವು ಇಲ್ಲ. ಕಳೆದ ಮೇಲೆ ತೆಗೆದು ನೋಡಿದರೆ ಎರಡು ವರ್ಷದ ಹಿಂದಕ್ಕೇ ಗಾಡಿ ನಿಂತಿರುತ್ತೆ!

ಇನ್ನೊಂದು ಗುಂಡಿ ಇದೆ. ಗೂಗಲ್ ಫೋಟೋಸ್‌ನಲ್ಲಿ ಪ್ರತಿ ಇಟ್ಟಿದ್ದೇವೆ ಅಂತ ಆ ಆ್ಯಪಿನೊಳಗೇ ಹೋಗಿ ಫೋಟೋ ಅಳಿಸಿದರೆ ಅಲ್ಲೂ ಹೋಗುತ್ತೆ, ಇಲ್ಲೂ ಹೋಗುತ್ತೆ. ಎರಡಕ್ಕೂ ಒಂದೇ ದಾರ ಕಟ್ಟಿರುತ್ತೆ. ಮೊಬೈಲಿನಲ್ಲಿ ಜಾಗ ಮಾತ್ರ ಬೇಕಿದ್ದರೆ ಅದಕ್ಕೇ ಬೇರೆ ಗುಂಡಿ ಇದೆ, 'ಫ್ರೀ ಅಪ್ ಸ್ಪೇಸ್' ಅಂತ. ಅದು ಮೇಲೆ ಹೋದದ್ದನ್ನು ಮಾತ್ರ ಕೆಳಗಿನಿಂದ ತೆಗೆಯುತ್ತೆ.

ಇನ್ನು ಖಾತೆಯ ಕೀಲಿ. ಮೊಬೈಲು ಕೊಂಡ ದಿನ ಅಂಗಡಿ ಹುಡುಗನೇ ಒಂದು ಮೇಲ್ ಐಡಿ ಮಾಡಿಕೊಟ್ಟಿರುತ್ತಾನೆ. ಗುಪ್ತಪದ ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಗುಪ್ತಪದ ಮರೆತರೆ ಒಟಿಪಿ ಬರುವುದು ಹಳೇ ನಂಬರಿಗೆ. ಆ ನಂಬರಿಗೆ ರೀಚಾರ್ಜ್ ನಿಲ್ಲಿಸಿ ಯಾವ ಕಾಲವಾಯ್ತು! ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಮನೆಯ ಕೀಲಿ ಗುರುತಿಲ್ಲದವರ ಜೇಬಿಗೆ ಹೋದ ಲೆಕ್ಕ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅದರೊಳಗಿನ ಫೋಟೋ ಸಮೇತ ಅಳಿಸುವ ಅಧಿಕಾರವನ್ನೂ ಗೂಗಲ್ ಇಟ್ಟುಕೊಂಡಿದೆ. 2023ರ ಡಿಸೆಂಬರಿನಿಂದ ಅದು ಜಾರಿಯಲ್ಲಿದೆ. ತೀರಿಹೋದವರ ಖಾತೆಗಳಿಗೆ ಈ ಅಪಾಯ ಹೆಚ್ಚು, ನೆನಪಿರಲಿ.

'ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದೀನಿ' ಅನ್ನುವವರಿಗೂ ಒಂದು ಮಾತು. ಮಾಮೂಲಿ ರೀತಿಯಲ್ಲಿ ಕಳಿಸಿದ ಫೋಟೋ ಅಲ್ಲಿ ಕುಗ್ಗುತ್ತೆ. ಮೊಬೈಲಿನಲ್ಲಿ ಚೆನ್ನಾಗಿ ಕಂಡರೂ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮಸುಕು. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಅಂತ ಕಳಿಸಿದರೆ ಕುಗ್ಗುವುದಿಲ್ಲ. ಆದರೂ ಏನೂ ಇಲ್ಲದ ಕಾಲಕ್ಕೆ ವಾಟ್ಸಾಪೇ ಗತಿ. ಎಲ್ಲಾ ಕಳಕೊಂಡವರು ಮೊದಲು ಮಾಡಬೇಕಾದ ಕೆಲಸ ಅಂದರೆ ತಂಗಿಗೆ, ಭಾವನಿಗೆ, ಪಕ್ಕದ ಅಂಗಡಿಯವನಿಗೆ ಫೋನು ಮಾಡಿ 'ನಿನ್ನ ಹತ್ತಿರ ಇರೋದನ್ನ ಕಳಿಸು' ಅನ್ನುವುದು. ಮಸುಕಾದರೂ ಇಲ್ಲದ್ದಕ್ಕಿಂತ ವಾಸಿ.

ದೊಡ್ಡವರೂ ಬಿದ್ದಿದ್ದಾರೆ

ನಾವು ಸಣ್ಣವರು, ನಮಗೆ ತಿಳಿಯದು ಅಂತ ಬೇಜಾರು ಬೇಡ. ಕೋಟಿಗಟ್ಟಲೆ ಸುರಿದವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ.

ನಮ್ಮ ಹುಡುಗರೆಲ್ಲ ಒಂದು ಕಾಲಕ್ಕೆ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆರ್ಕುಟ್ ನೋಡುತ್ತಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಅದರ ಬಾಗಿಲು ಮುಚ್ಚಿತು. ಫೋಟೋ ಇಳಿಸಿಕೊಳ್ಳಲು 2016ರ ತನಕ ಸಮಯ ಕೊಟ್ಟಿದ್ದರು. ಎಷ್ಟು ಜನ ಇಳಿಸಿಕೊಂಡರು? ಕಾಲೇಜಿನ ಕೊನೇ ದಿನದ ಫೋಟೋ ಅಲ್ಲೇ ಬಿಟ್ಟವರು ನಮ್ಮ ಊರಲ್ಲೂ ಇದ್ದಾರೆ.

ಅಮೆರಿಕದ ಮೈಸ್ಪೇಸ್ ಅನ್ನುವ ಕಂಪನಿ 2019ರಲ್ಲಿ ಕೈ ಮೇಲೆತ್ತಿತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಜನ ಹನ್ನೆರಡು ವರ್ಷದಲ್ಲಿ ಹಾಕಿದ್ದ ಹಾಡು, ಫೋಟೋ, ವಿಡಿಯೋ ಹಾಳಾದವು ಅಂತ ಹೇಳಿ ಮುಗಿಸಿತು.

ಇನ್ನೂ ಹತ್ತಿರದ ಸುದ್ದಿ ದಕ್ಷಿಣ ಕೊರಿಯಾದ್ದು. ಮೊಬೈಲು ಮಾಡಿ ಜಗತ್ತಿಗೆಲ್ಲ ಮಾರುವ ದೇಶ ಅದು! 2025ರ ಸೆಪ್ಟೆಂಬರ್ 26ರಂದು ಡೇಜಾನ್ ಪಟ್ಟಣದ ಸರ್ಕಾರಿ ಮಾಹಿತಿ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಎದ್ದಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಸುಟ್ಟುಹೋಯ್ತು. ಅದರಲ್ಲಿದ್ದದ್ದು 858 ಟಿಬಿ. 64 ಜಿಬಿಯ ಮೊಬೈಲ್ ಲೆಕ್ಕದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮೊಬೈಲು ತುಂಬುವಷ್ಟು ಸರಕು. ಹೊರಗೆ ಇನ್ನೊಂದು ಪ್ರತಿ ಇತ್ತೇ? ಇರಲಿಲ್ಲ. ಅಷ್ಟು ದೊಡ್ಡದಕ್ಕೆ ಪ್ರತಿ ಇಡುವುದು ಕಷ್ಟ ಅಂತ ಬಿಟ್ಟಿದ್ದರು!

ಉಳಿದವರ ಕಥೆಯೂ ಒಂದಿದೆ. ಪಿಕ್ಸಾರ್ ಕಂಪನಿ 'ಟಾಯ್ ಸ್ಟೋರಿ 2' ಸಿನಿಮಾ ಮಾಡುತ್ತಿದ್ದಾಗ, 1998ರಲ್ಲಿ, ಯಾರೋ ಒಂದು ತಪ್ಪು ಆಜ್ಞೆ ಕೊಟ್ಟು ಸಿನಿಮಾದ ಬಹುಪಾಲು ಕಡತ ಅಳಿಸಿಹೋಯ್ತು. ಪ್ರತಿ ಇದೆಯಲ್ಲ ಅಂತ ತೆಗೆದು ನೋಡಿದರೆ, ಪ್ರತಿ ಮಾಡುವ ವ್ಯವಸ್ಥೆಯೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಸಿನಿಮಾ ಉಳಿಸಿದ್ದು ಒಬ್ಬ ಬಾಣಂತಿ! ಗ್ಯಾಲಿನ್ ಸುಸ್ಮನ್ ಅನ್ನುವ ತಂತ್ರಜ್ಞೆ ಹಸುಗೂಸಿನ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ನಿಧಾನಕ್ಕೆ ತಂದರಂತೆ, ಕೂಸನ್ನು ತಂದ ಹಾಗೆ. ಆಫೀಸಿನ ಹೊರಗೆ, ಇನ್ನೊಂದು ಮನೆಯಲ್ಲಿ ಇದ್ದದ್ದು ಉಳಿಯಿತು. ಜಗಳೂರಿನ ಸೋದರಮಾವನ ಮನೆಯ ಆಲ್ಬಮಿನ ನ್ಯಾಯವೇ ಅದು.

ಕನ್ನಡದ ಒಂದು ಸೋಲು, ಒಂದು ಗೆಲುವು

ದೂರದ ಮಾತು ಯಾಕೆ, ನಮ್ಮದೇ ನೋಡಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ ಬಂತು. ಜನ ಮುಗಿಬಿದ್ದು ನೋಡಿದ ಚಿತ್ರ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಕನ್ನಡ ಸಿನಿಮಾ ಮೊದಲ ಸಲ ಆಡಿದ ಮಾತು ಹೇಗಿತ್ತು ಅಂತ ಕೇಳುವ ಭಾಗ್ಯ ನಮಗೂ ಇಲ್ಲ, ನಮ್ಮ ಮಕ್ಕಳಿಗೂ ಇಲ್ಲ. ಯಾರೂ ಬೇಕಂತ ನಾಶ ಮಾಡಿದ್ದಲ್ಲ. ಇನ್ನೊಂದು ಪ್ರತಿ ಜೋಪಾನವಾಗಿ ಇಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಅದಕ್ಕೆ ಎದುರಾಗಿ ನಿಲ್ಲುವವಳು ಲಕ್ಕುಂಡಿಯ ಅತ್ತಿಮಬ್ಬೆ. ಸುಮಾರು ಸಾವಿರ ವರ್ಷದ ಹಿಂದಿನ ಹೆಣ್ಣುಮಗಳು. ಪೊನ್ನ ಕವಿಯ 'ಶಾಂತಿಪುರಾಣ' ಎಲ್ಲಿ ಕಳೆದುಹೋದೀತೋ ಅಂತ ಅದರ ಸಾವಿರ ಪ್ರತಿ ಬರೆಸಿ ಹಂಚಿದಳು. ತಾಳೆಗರಿಯ ಕಾಲ ಅದು, ಒಂದೊಂದು ಅಕ್ಷರವನ್ನೂ ಕಂಠದಿಂದ ಕೊರೆಯಬೇಕು. ಗರಿಗೆ ಗೆದ್ದಲು ಹತ್ತುತ್ತೆ, ಬೆಂಕಿ ಬೀಳುತ್ತೆ ಅಂತ ಅವಳಿಗೆ ಗೊತ್ತಿತ್ತು. ಒಂದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತ ಕೂರಲಿಲ್ಲ, ಸಾವಿರ ಮಾಡಿ ಸಾವಿರ ಕಡೆ ಕಳಿಸಿದಳು. ಕಾವ್ಯ ಉಳಿಯಿತು. ನಾವು ಕೈಬೆರಳಿನಿಂದ ಎರಡು ಸಲ ಒತ್ತಿದರೆ ಒಂದು ಪ್ರತಿ ಆಗುವ ಕಾಲದಲ್ಲಿದ್ದೇವೆ. ಆದರೂ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತುತ್ತೇವೆ!

ಹಾಗಾದರೆ ಏನು ಮಾಡಬೇಕು?

ಈ ವಿಷಯದಲ್ಲಿ ಪಳಗಿದವರು ಹೇಳುವ ಒಂದು ಸೂತ್ರ ಇದೆ. ಮೂರು, ಎರಡು, ಒಂದು. ಪೀಟರ್ ಕ್ರೋ ಅನ್ನುವ ಅಮೆರಿಕದ ಫೋಟೋಗ್ರಾಫರ್ ಅದನ್ನು ಜನಜನಿತ ಮಾಡಿದ್ದು. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ವಸ್ತುವಿನಲ್ಲಿ ಇರಲಿ, ಅದರಲ್ಲಿ ಒಂದು ಮನೆಯಿಂದ ಹೊರಗಿರಲಿ. ಇದನ್ನೇ ನಮ್ಮ ಲೆಕ್ಕಕ್ಕೆ ಇಳಿಸಿದರೆ ಹೀಗೆ:

ಒಂದು, ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿ. ಎಲ್ಲಾ ಫೋಟೋ ಉಳಿಸಲು ಹೋಗಬೇಡಿ, ಕೈ ಸೋಲುತ್ತೆ. ಬೆಳಗಿನ ಶುಭೋದಯದ ಹೂವಿನ ಚಿತ್ರಗಳನ್ನೆಲ್ಲ ಕಸಕ್ಕೆ ಹಾಕಿ. ಹೋದರೆ ಮತ್ತೆ ತೆಗೆಯಲು ಆಗದ್ದು ಯಾವುದು? ಮನೆಯ ಹಿರಿಯರದು, ಮಕ್ಕಳ ಎಳೆತನದ್ದು. ಅದರಿಂದ ಶುರು ಮಾಡಿ.

ಎರಡು, ಗೂಗಲ್ಲೋ ಇನ್ನೊಂದೋ ತೆಗೆದು, ಕೊನೆಗೆ ಮೇಲೆ ಹೋದ ಫೋಟೋದ ತಾರೀಖು ನೋಡಿ. ನಿನ್ನೆಯದು ಇದ್ದರೆ ಸರಿ. ಹೋದ ವರ್ಷದ್ದಾದರೆ ಜಾಗ ತುಂಬಿದೆ ಅಂತ ಅರ್ಥ. ಮೇಲ್ ಐಡಿ, ಗುಪ್ತಪದವನ್ನು ಕಾಗದದಲ್ಲಿ ಬರೆದು ಪಡಿತರ ಚೀಟಿ ಇಡುವ ಜಾಗದಲ್ಲಿಡಿ. ಹಳೇ ನಂಬರಿದ್ದರೆ ಇವತ್ತೇ ಬದಲಿಸಿ.

ಮೂರು, ಒಂದು ಹೊರಗಿನ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಒಂದು ಸಾಧಾರಣ ಮೊಬೈಲಿಗಿಂತ ಕಮ್ಮಿ ದುಡ್ಡಿಗೆ ಬರುತ್ತೆ. ಮೂರು ತಿಂಗಳಿಗೊಮ್ಮೆ ತುಂಬಿ. ಹಾಗಂತ ಅದನ್ನೂ ನಂಬಿ ಕೂರಬೇಡಿ, ಅದೂ ಬಿದ್ದರೆ ಕೆಡುತ್ತೆ. ಅದು ಮೂರರಲ್ಲಿ ಒಂದು ಪ್ರತಿ ಅಷ್ಟೆ. ಆಗಿದ್ದರೆ ಅದನ್ನು ತಂಗಿಯ ಮನೆಯಲ್ಲಿಡಿ, ಅವಳದನ್ನು ನಿಮ್ಮ ಮನೆಯಲ್ಲಿಡಿ.

ನಾಲ್ಕು, ರಸ್ತೆ ಬದಿಯ ಅಥವಾ ಆನ್‌ಲೈನಿನ 'ಒಂದು ಟಿಬಿ, ಮುನ್ನೂರೇ ರೂಪಾಯಿ' ಪೆನ್ ಡ್ರೈವಿಗೆ ಮರುಳಾಗಬೇಡಿ. ಒಳಗೆ ಜಾಗ ಕಮ್ಮಿ ಇದ್ದು ಹೆಚ್ಚು ಅಂತ ಸುಳ್ಳು ಲೆಕ್ಕ ತೋರಿಸುವ ಖೋಟಾ ಮಾಲು ಅದು. ತುಂಬಿದ ಮೇಲೂ ಹೆಸರು ಕಾಣುತ್ತೆ, ತೆರೆದರೆ ಚಿತ್ರ ಇಲ್ಲ. ತೂಕದಲ್ಲಿ ಮೋಸ ಹೇಗೆ ಅಂತ ಅಂಗಡಿಯವರಿಗೆ ಹೇಳಿಕೊಡಬೇಕೇ?

ಐದು, ಮದುವೆಯ ಸೀಡಿ, ಡೀವಿಡಿಗಳನ್ನು ಈಗಲೇ ತೆಗೆದು ನೋಡಿ. ಸ್ಟುಡಿಯೋದವರು ಬರೆದುಕೊಟ್ಟ ಸೀಡಿಯ ಒಳಗಿನ ಬಣ್ಣದ ಪದರ ಕಾಲ ಕಳೆದಂತೆ ಕೆಡುತ್ತೆ. ಹಾಕಿ ನೋಡುವ ಯಂತ್ರವೂ ಮನೆಗಳಿಂದ ಮಾಯವಾಗುತ್ತಿದೆ. ಓದುವ ಸ್ಥಿತಿಯಲ್ಲಿರುವಾಗಲೇ ಡಿಸ್ಕಿಗೆ ಇಳಿಸಿ. ಹೊಸ ಮದುವೆಯಾದರೆ ಸ್ಟುಡಿಯೋದವರು ಎಷ್ಟು ತಿಂಗಳು ಇಟ್ಟುಕೊಳ್ಳುತ್ತಾರೆ ಅಂತ ಮುಂಚೆಯೇ ಕೇಳಿ. ನೆಗೆಟಿವ್ ಡಬ್ಬಿಯ ಕಾಲ ಮುಗಿದಿದೆ.

ಆರು, ವರ್ಷಕ್ಕೆ ಇಪ್ಪತ್ತು ಫೋಟೋ ಆರಿಸಿ ಪ್ರಿಂಟು ಹಾಕಿಸಿ. ಪ್ರಿಂಟಿಗೆ ಗುಪ್ತಪದ ಬೇಡ, ಚಾರ್ಜರ್ ಬೇಡ, ರೀಸೆಟ್ ಗುಂಡಿಯೂ ಇಲ್ಲ. ನಮ್ಮ ಊರಿನ ಸ್ಟುಡಿಯೋದವರೂ ಬದುಕಬೇಕಲ್ಲ!

ಏಳು, ರಿಪೇರಿಗೆ ಕೊಡುವ ಮುಂಚೆ ಪ್ರತಿ ಮಾಡಿಟ್ಟೇ ಕೊಡಿ. 'ರೀಸೆಟ್', 'ಫಾರ್ಮ್ಯಾಟ್', 'ಸಾಫ್ಟ್‌ವೇರ್ ಹೊಡೀತೀನಿ', ಈ ಮೂರು ಮಾತು ಕಿವಿಗೆ ಬಿದ್ದರೆ ಮೊಬೈಲು ವಾಪಸ್ ಕೈಗೆ ತೆಗೆದುಕೊಳ್ಳಿ. ರಿಪೇರಿ ಅಂಗಡಿಯವರಲ್ಲೂ ಒಂದು ವಿನಂತಿ: 'ಮಾಡ್ಲಾ?' ಅಂತ ಮಾತ್ರ ಕೇಳಬೇಡಿ. 'ಫೋಟೋ ಎಲ್ಲಾ ಹೋಗುತ್ತೆ, ಮಾಡ್ಲಾ?' ಅಂತ ಕೇಳಿ. ಮೂರು ಪದ ಜಾಸ್ತಿ, ಯಾರದೋ ತಾಯಿ ಉಳಿಯುತ್ತಾಳೆ.

ಅಂಗಡಿಯವರಿಗೆ ಬೇರೆ ಮಾತು

ವ್ಯಾಪಾರಸ್ಥರಿಗೆ ಇದು ಬರೀ ಅಕ್ಕರೆಯ ವಿಷಯ ಅಲ್ಲ, ದಂಡದ ವಿಷಯವೂ ಹೌದು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಮೆಷಿನ್ನಿನಿಂದ ಬರುವ ಬಿಲ್ಲಿನ ಅಕ್ಷರ ಕೆಲವು ತಿಂಗಳಿಗೇ ಮಾಸುತ್ತೆ ಅಂತ ಮೊಬೈಲಿನಲ್ಲಿ ಫೋಟೋ ಹೊಡೆದು ಇಟ್ಟವರು ಬಹಳ. ಜಾಣತನವೇ. ಆದರೆ ಆ ಮೊಬೈಲು ಹೋದರೆ? ಉದ್ರಿ ಲೆಕ್ಕ ಬರೀ ಮೊಬೈಲಿನಲ್ಲಿದ್ದರೆ ಸಾಲಗಾರರಿಗೆ ಹಬ್ಬ!

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರು ಇನ್ನೊಂದು ತಿಳಿದಿರಬೇಕು. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಅನ್ನುವ ಪಿಡುಗು ನೂರೈವತ್ತು ದೇಶಗಳ ಕಂಪ್ಯೂಟರಿಗೆ ಹೊಕ್ಕು, ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ದುಡ್ಡು ಕೇಳಿತು. ಅಂಥವು ಈಗಲೂ ಬರುತ್ತಿವೆ. ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತೆ. ಆದ್ದರಿಂದ ಪ್ರತಿ ಮಾಡಿದ ಕೂಡಲೇ ತಂತಿ ಕಿತ್ತು ಬೀರುವಿನಲ್ಲಿಡಿ. ವಾರಕ್ಕೊಮ್ಮೆ, ಅಂಗಡಿಗೆ ರಜೆ ಇರುವ ದಿನ, ಗಲ್ಲಾ ಎಣಿಸಿದ ಹಾಗೆ ಇದನ್ನೂ ಅಭ್ಯಾಸ ಮಾಡಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತ ತೆರೆದು ನೋಡಿ. ತೆರೆಯದ ಪ್ರತಿ ಪ್ರತಿಯಲ್ಲ. ಪಿಕ್ಸಾರ್‌ನವರು ಕಲಿತ ಪಾಠ ಅದೇ.

ಆಧಾರ್, ಡ್ರೈವಿಂಗ್ ಲೈಸೆನ್ಸಿನಂಥ ಕಾಗದಗಳಿಗೆ ಸರ್ಕಾರದ ಡಿಜಿಲಾಕರ್ 2015ರಿಂದ ಇದೆ. ಅವು ಹೋದರೂ ಮತ್ತೆ ಸಿಗುತ್ತವೆ. ಅವುಗಳ ಅಸಲು ಸರ್ಕಾರದ ಹತ್ತಿರ ಇರುತ್ತೆ. ಅವ್ವ ಗಲ್ಲಾದ ಮೇಲೆ ಕೂತು ನಕ್ಕದ್ದರ ಅಸಲು ಯಾವ ಕಚೇರಿಯಲ್ಲೂ ಇಲ್ಲ.

ಈ ಸಂಜೆ ಪೇಪರು ನಾಳೆ ಬೆಳಿಗ್ಗೆ ಮಂಡಕ್ಕಿ-ಮಿರ್ಚಿ ಕಟ್ಟಲು ಹೋಗುತ್ತೆ, ನಮಗೇನೂ ಬೇಜಾರಿಲ್ಲ. ದಿನಾ ಒಂದು ಪ್ರತಿ ತೆಗೆದು ದಾರ ಪೋಣಿಸಿ ಆಫೀಸಿನ ಫೈಲಿಗೆ ಹಾಕುತ್ತೇವೆ. ಎರಡು ರೂಪಾಯಿಯ ಸುದ್ದಿಗೇ ಫೈಲ್ ಕಾಪಿ ಇದೆ ಸ್ವಾಮಿ. ನಿಮ್ಮ ಜೇಬಿನಲ್ಲಿರುವುದಕ್ಕೆ ಫೈಲ್ ಕಾಪಿ ಎಲ್ಲಿದೆ?